ಹಡಗಿನಲ್ಲಿ ಬಂದ ಗೋಧಿ

ಒಂದು ರಾಷ್ಟ್ರದ ಸರಕಾರವು ಮತ್ತೊಂದು ರಾಷ್ಟ್ರದ ಏಳಿಗೆಗಾಗಿ, ಇಲ್ಲವೆ ಆಪತ್ಕಾಲದಲ್ಲಿ ಅಲ್ಲಿಯ ಜನರ ಪ್ರಾಣರಕ್ಷಣೆಗಾಗಿ ಒದಗಿಸುವ ಸಹಾಯಕ್ಕೆ ಪರರಾಷ್ಟ್ರದ ನೆರವು ಎಂದು ಹೆಸರು. ವೃತ್ತಪತ್ರಿಕೆಗಳಲ್ಲಿ ಈ ಮಾತನ್ನು ನಾವು ಮೇಲಿಂದ ಮೇಲೆ ಓದುತ್ತೇವೆ. ಆದರೆ ಅದನ್ನು ಏಕೆ ಕೊಡುತ್ತಾರೆ, ಪಡೆದವರು ಅದಕ್ಕಾಗಿ ಏನನ್ನು ತೆರಬೇಕಾಗುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ನಮ್ಮ ದೇಶವೇ ಒಂದು ಕಾಲದಲ್ಲಿ ಇಂತಹ ನೆರವನ್ನು ಹೇರಳವಾಗಿ ಪಡೆದುದರಿಂದ, ಈ ವಿಷಯವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ನೆರವಿನಲ್ಲಿ ಮುಖ್ಯವಾಗಿ ಮೂರು ಬಗೆಗಳುಂಟು. ಮೊದಲನೆಯದು ಅನುದಾನ. ಇದನ್ನು ಹಿಂದಿರುಗಿಸಬೇಕಾಗಿಲ್ಲ. ೧೯೫೬ರಲ್ಲಿ ಸ್ಥಾಪಿತವಾದ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನಿರ್ಮಾಣಕ್ಕೆ ಕೊಲಂಬೊ ಯೋಜನೆಯ ಮೂಲಕ ನ್ಯೂಜಿಲೆಂಡ್ ಕೊಟ್ಟ ಹಣವು ಈ ವರ್ಗಕ್ಕೆ ಸೇರಿದುದು. ಎರಡನೆಯದು ಕಡಮೆ ಬಡ್ಡಿಯ ಸಾಲ. ೧೯೫೫ರ ಒಪ್ಪಂದದಂತೆ ಭಿಲಾಯಿಯ ಉಕ್ಕಿನ ಕಾರಖಾನೆಗೆ ಸೋವಿಯತ್ ಒಕ್ಕೂಟವು ಶೇಕಡ ಎರಡೂವರೆ ಬಡ್ಡಿಯ ಮೇಲೆ ಸಾಲವನ್ನು ಕೊಟ್ಟಿತು. ಮೂರನೆಯದು ಹಣಕ್ಕೆ ಬದಲಾಗಿ ವಸ್ತುವನ್ನೋ ವಿದ್ಯೆಯನ್ನೋ ಕೊಡುವುದು. ಅಮೆರಿಕದಿಂದ ನಮ್ಮ ಬಂದರುಗಳಿಗೆ ಬಂದ ಗೋಧಿ ಈ ಮೂರನೆಯ ಬಗೆಯದು.

೧೯೫೪ರಲ್ಲಿ ಅಮೆರಿಕದ ಶಾಸನಸಭೆಯು ಒಂದು ಕಾಯಿದೆಯನ್ನು ಮಾಡಿತು. ಅದರ ಕ್ರಮಸಂಖ್ಯೆಯಿಂದಲೇ ಅದು ಪಿ. ಎಲ್. ೪೮೦ ಎಂದು ಪ್ರಸಿದ್ಧವಾಯಿತು. ಆಗ ಆ ದೇಶದಲ್ಲಿ ಗೋಧಿಯು ಬೇಕಾದುದಕ್ಕಿಂತ ಹೆಚ್ಚಾಗಿ ಬೆಳೆದು ಕಣಜಗಳಲ್ಲಿ ರಾಶಿ ಬಿದ್ದಿದ್ದಿತು. ಅದನ್ನು ಅಲ್ಲಿಯ ಪೇಟೆಯಲ್ಲಿಯೇ ಮಾರಿದರೆ ಬೆಲೆ ಕುಸಿದು ರೈತನಿಗೆ ನಷ್ಟ. ಕೂಡಿಡುತ್ತ ಹೋದರೆ ಸರಕಾರಕ್ಕೆ ವೆಚ್ಚ. ಇತ್ತ ಭಾರತದಲ್ಲಿ ಧಾನ್ಯದ ಕೊರತೆ. ಹೊರಗಿನಿಂದ ಕೊಳ್ಳೋಣವೆಂದರೆ ಡಾಲರುಗಳ ಅಭಾವ. ಆದುದರಿಂದ ಭಾರತವು ಗೋಧಿಯ ಬೆಲೆಯನ್ನು ರೂಪಾಯಿಗಳಲ್ಲಿಯೇ ಕೊಡಬಹುದೆಂದು ೧೯೫೬ರಲ್ಲಿ ಒಪ್ಪಂದವಾಯಿತು. ಆ ರೂಪಾಯಿಗಳು ಅಮೆರಿಕದ ಹೆಸರಿನಲ್ಲಿ ಭಾರತದಲ್ಲಿಯೇ ಉಳಿಯತಕ್ಕವು. ಅವುಗಳಲ್ಲಿ ಒಂದು ಭಾಗ ಆ ದೇಶದ ರಾಯಭಾರ ಕಚೇರಿಯ ವೆಚ್ಚಕ್ಕೆ ಹೋದರೆ, ಬಹುಭಾಗ ನಮ್ಮ ಯೋಜನೆಗಳಿಗೇ ಸಾಲವಾಗಿಯೂ ಅನುದಾನವಾಗಿಯೂ ಮರಳಿ ಬರುತ್ತಿದ್ದಿತು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆ ಇಲ್ಲಿ ಸಲ್ಲದು. ಕೊಟ್ಟವನ ಕಣಜದ ಭಾರ ಇಳಿಯಿತು. ಕೊಂಡವನ ಹಸಿವು ಹಿಂಗಿತು.

ನಗರಗಳ ರೇಶನ್ ಅಂಗಡಿಗಳಿಗೆ ಆ ಗೋಧಿ ಬಂದಿತು. ಇದೇ ಕಾಯಿದೆಯ ಇನ್ನೊಂದು ಭಾಗದಂತೆ ಶಾಲೆಯ ಮಕ್ಕಳಿಗಾಗಿ ಉಚಿತವಾಗಿಯೂ ಆಹಾರ ಬಂದಿತು. ಅಂದು ಕನ್ನಡನಾಡಿನ ಹಳ್ಳಿಯ ಶಾಲೆಗಳಲ್ಲಿ ಕಲಿತ ಹಿರಿಯರು ಮಧ್ಯಾಹ್ನದ ಗೋಧಿಯ ಉಪ್ಪಿಟ್ಟನ್ನೂ ಪುಡಿಹಾಲನ್ನೂ ಇಂದಿಗೂ ನೆನೆಯುತ್ತಾರೆ.

ಆದರೆ ಈ ನೆರವಿಗೆ ಇನ್ನೊಂದು ಮುಖವೂ ಇದ್ದಿತು. ಹೊರಗಿನ ಧಾನ್ಯ ಸುಲಭವಾಗಿ ದೊರೆಯುತ್ತಿದ್ದುದರಿಂದ ನಮ್ಮ ಹೊಲಗಳ ಕಡೆಗೆ ಸಾಕಷ್ಟು ಗಮನ ಹರಿಯಲಿಲ್ಲವೆಂದು ಅನೇಕ ಅರ್ಥಶಾಸ್ತ್ರಜ್ಞರು ಅಭಿಪ್ರಾಯಪಟ್ಟಿದ್ದಾರೆ. ೧೯೬೫ ಮತ್ತು ೧೯೬೬ರಲ್ಲಿ ಒಂದರ ಹಿಂದೊಂದು ಮುಂಗಾರು ಕೈಕೊಟ್ಟಾಗ ಇದರ ಕಹಿಯು ಅನುಭವಕ್ಕೆ ಬಂದಿತು. ಹಿಂದಿನ ವರ್ಷ ಸುಮಾರು ೮.೯ ಕೋಟಿ ಟನ್ನುಗಳಷ್ಟಿದ್ದ ಆಹಾರಧಾನ್ಯದ ಉತ್ಪತ್ತಿಯು ೧೯೬೫-೬೬ರಲ್ಲಿ ಸುಮಾರು ೭.೨ ಕೋಟಿಗೆ ಇಳಿಯಿತು. ವಾರಕ್ಕೆ ಒಂದು ಹೊತ್ತಿನ ಊಟವನ್ನು ಬಿಡಬೇಕೆಂದು ಪ್ರಧಾನಿ ಲಾಲಬಹಾದ್ದೂರ ಶಾಸ್ತ್ರಿಯವರು ಜನತೆಗೆ ಕರೆಯಿತ್ತರು. ೧೯೬೬ರಲ್ಲಿ ಸುಮಾರು ಒಂದು ಕೋಟಿ ಟನ್ನು ಧಾನ್ಯವನ್ನು ಹೊರಗಿನಿಂದ ತರಿಸಬೇಕಾಯಿತು. ಅದರಲ್ಲಿ ಬಹುಪಾಲು ಅಮೆರಿಕದ್ದು.

ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ನರು ಆಗ ಧಾನ್ಯವನ್ನು ದೀರ್ಘಾವಧಿಗೆ ಮಂಜೂರು ಮಾಡದೆ, ಸ್ವಲ್ಪಸ್ವಲ್ಪವಾಗಿ ಬಿಡುಗಡೆ ಮಾಡತೊಡಗಿದರು. ಭಾರತವು ತನ್ನ ಬೇಸಾಯವನ್ನು ಸುಧಾರಿಸಿಕೊಳ್ಳಬೇಕೆಂಬುದು ಅವರ ಒತ್ತಾಯವಾಗಿದ್ದಿತು. ವಿಯೆಟ್ನಾಮಿನ ಯುದ್ಧವನ್ನು ಭಾರತವು ಟೀಕಿಸಿದುದೂ ಅವರಿಗೆ ಅಸಮಾಧಾನವನ್ನುಂಟುಮಾಡಿದ್ದಿತು. ಮುಂದಿನ ಹಡಗು ಎಂದು ಹೊರಡುವುದೋ ಎಂದು ಒಂದು ಮಹಾರಾಷ್ಟ್ರವು ಕಾದು ಕುಳಿತುಕೊಳ್ಳಬೇಕಾಯಿತು. ಆ ಗೋಧಿಯು ಅಸಂಖ್ಯಾತ ಜನರ ಹಸಿವನ್ನು ಹಿಂಗಿಸಿದುದು ಸತ್ಯ. ಅದನ್ನು ಮರೆಯುವುದು ಕೃತಘ್ನತೆ. ಅನ್ನದೊಡನೆ ಹಂಗೂ ಬಂದಿತೆಂಬುದು ಅಷ್ಟೇ ಸತ್ಯ.

ಈ ಬಿಕ್ಕಟ್ಟಿನಿಂದ ಪಾರಾಗಲು ದಾರಿ ತೋರಿಸಿದುದು ಮತ್ತೊಂದು ಬಗೆಯ ಹಡಗಿನ ಸರಕು. ೧೯೬೬ರಲ್ಲಿ ಆಹಾರಮಂತ್ರಿ ಸಿ. ಸುಬ್ರಹ್ಮಣ್ಯಂ ಅವರು ಮೆಕ್ಸಿಕೊ ದೇಶದಿಂದ ೧೮,೦೦೦ ಟನ್ನು ಗಿಡ್ಡತಳಿಯ ಗೋಧಿಯನ್ನು ತರಿಸಿದರು. ಇದು ತಿನ್ನುವ ಗೋಧಿಯಲ್ಲ, ಬಿತ್ತುವ ಗೋಧಿ. ಈ ತಳಿಗಳನ್ನು ಸಿದ್ಧಪಡಿಸಿದವರು ನಾರ್ಮನ್ ಬೊರ್ಲಾಗ್. ಅವುಗಳನ್ನು ನಮ್ಮ ನೆಲಕ್ಕೆ ಒಗ್ಗಿಸಿದವರು ಎಂ. ಎಸ್. ಸ್ವಾಮಿನಾಥನ್ ಮತ್ತು ಅವರ ಸಂಗಡಿಗರು. ನೀರು, ಗೊಬ್ಬರ, ರೈತನಿಗೆ ನಿಶ್ಚಿತವಾದ ಬೆಲೆ, ಇವೆಲ್ಲ ಕೂಡಿ ಬಂದುವು. ೧೯೬೪-೬೫ರಲ್ಲಿ ಸುಮಾರು ೧.೨ ಕೋಟಿ ಟನ್ನಿದ್ದ ಗೋಧಿಯ ಬೆಳೆಯು ೧೯೭೦-೭೧ರಲ್ಲಿ ೨.೩ ಕೋಟಿ ಟನ್ನನ್ನು ಮೀರಿತು. ತಿಂದ ಗೋಧಿ ಅಂದಿಗೇ ಮುಗಿಯಿತು. ಬಿತ್ತಿದ ಗೋಧಿ ವರ್ಷವರ್ಷವೂ ಮರಳಿ ಬಂದಿತು.

ಹಳೆಯ ಲೆಕ್ಕವೂ ಕೊನೆಗೆ ತೀರಿತು. ಅಮೆರಿಕದ ಹೆಸರಿನಲ್ಲಿ ಬೆಳೆದು ನಿಂತಿದ್ದ ರೂಪಾಯಿಗಳ ಬಹುದೊಡ್ಡ ಭಾಗವನ್ನು ಆ ದೇಶವು ಬಿಟ್ಟುಕೊಟ್ಟಿತು. ೧೯೭೪ರ ಫೆಬ್ರವರಿಯಲ್ಲಿ ರಾಯಭಾರಿ ಡೇನಿಯಲ್ ಮೊಯ್ನಿಹನ್ನರು ೧,೬೬೪ ಕೋಟಿ ರೂಪಾಯಿಗಳ ಒಂದೇ ಚೆಕ್ಕನ್ನು ಭಾರತ ಸರಕಾರಕ್ಕೆ ಒಪ್ಪಿಸಿದರು.

ಇಂದು ಭಾರತವು ಕೊಡುವ ರಾಷ್ಟ್ರವೂ ಆಗಿದೆ. ಭೂತಾನದ ಚುಖಾ ಜಲವಿದ್ಯುತ್ ಯೋಜನೆಗೆ ಬೇಕಾದ ಹಣದಲ್ಲಿ ಶೇಕಡ ೬೦ರಷ್ಟನ್ನು ಅನುದಾನವಾಗಿ, ೪೦ರಷ್ಟನ್ನು ಸಾಲವಾಗಿ ಭಾರತವು ಕೊಟ್ಟಿತು. ೧೯೮೦ರ ದಶಕದ ಕೊನೆಯಲ್ಲಿ ಪೂರ್ಣಗೊಂಡ ಈ ಯೋಜನೆಯ ವಿದ್ಯುತ್ತಿನಲ್ಲಿ ಭೂತಾನದ ಉಪಯೋಗಕ್ಕೆ ಮಿಕ್ಕುದನ್ನು ಭಾರತವೇ ಕೊಂಡುಕೊಳ್ಳುತ್ತದೆ. ಆ ದೇಶಕ್ಕೆ ಆದಾಯ, ನಮಗೆ ಬೆಳಕು. ಇಲ್ಲಿಯೂ ಕೊಡುವವನಿಗೆ ಲಾಭವುಂಟು. ಅದು ತಪ್ಪೇನೂ ಅಲ್ಲ.

ವಿದ್ಯಾರ್ಥಿಮಿತ್ರರೇ, ಇನ್ನು ಮುಂದೆ ನೆರವಿನ ಸುದ್ದಿಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿರಿ. ಇದು ದಾನವೋ, ಸಾಲವೋ? ಇದಕ್ಕೆ ಕಟ್ಟಿದ ಕರಾರುಗಳೇನು? ನೆರವು ನಿಂತ ಮರುದಿನ ಆ ನೆಲದಲ್ಲಿ ಉಳಿಯುವುದೇನು? ಹಸಿದವನ ಎದುರಿನಲ್ಲಿ ಮೂರನೆಯ ಪ್ರಶ್ನೆಗಾಗಿ ಕಾಯಲಾಗದು. ಮೊದಲು ಅವನಿಗೆ ಅನ್ನವನ್ನಿಕ್ಕಬೇಕು. ಆದರೆ ಅನ್ನವನ್ನಿಕ್ಕಿದ ಮೇಲೆ ಆ ಪ್ರಶ್ನೆಯನ್ನು ಮರೆಯಲಾಗದು. ಪಡೆಯುವಾಗ ನಮ್ಮ ಹಿರಿಯರು ಕಷ್ಟಪಟ್ಟು ಕಲಿತ ಈ ಪಾಠವನ್ನು, ಕೊಡುವಾಗ ನಾವು ನೆನಪಿನಲ್ಲಿಡಬೇಕಾಗಿದೆ.