ಅಂಗಳದ ಹಕ್ಕಿಗಳ ಎಣಿಕೆ: ಏಕೆ, ಹೇಗೆ?



ಕಳೆದ ಫೆಬ್ರವರಿಯಲ್ಲಿ ನಾವು ಅಂಗಳದ ಪೇರಲೆ ಮರದಡಿ ಒಂದು ಹಲಗೆ ಕಟ್ಟಿ, ಕಳಿತ ಬಾಳೆಹಣ್ಣನ್ನೂ ಮಣ್ಣಿನ ತಟ್ಟೆಯಲ್ಲಿ ನೀರನ್ನೂ ಇರಿಸಿದೆವು. ಜಗಲಿಯಲ್ಲಿ ಒಂದು ಗಂಟೆ ಕುಳಿತು ಬರೆದುಕೊಂಡಾಗ ಪಿಕಳಾರಗಳ ಲೆಕ್ಕ 31 ಆಯಿತು. ಆದರೆ ಹಲಗೆಯ ಮೇಲೆ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ಕಂಡಿರಲೇ ಇಲ್ಲ! ಹೋಗಿ ಬಂದ ಹಕ್ಕಿಯನ್ನೇ ಮತ್ತೆ ಮತ್ತೆ ಎಣಿಸಿದ್ದೆವು. ಒಂದೇ ಮೂಟೆಯನ್ನು ಎಂಟು ಸಲ ತೂಗಿ ಎಂಟು ಮೂಟೆ ಎಂದು ಬರೆದಂತಾಯಿತು.

ಇದಕ್ಕೆ ಪರಿಹಾರ ಸುಲಭ. ಕೆನಡಾದ ಒಂಟೇರಿಯೋದಲ್ಲಿ 1976ರಲ್ಲಿ ಆರಂಭವಾದ ಇಂತಹ ಎಣಿಕೆಯು 1987ರಿಂದ ‘ಪ್ರಾಜೆಕ್ಟ್ ಫೀಡರ್‌ವಾಚ್’ ಎಂಬ ಹೆಸರಿನಲ್ಲಿ ಉತ್ತರ ಅಮೆರಿಕದಾದ್ಯಂತ ಹಬ್ಬಿತು. ಅಲ್ಲಿಯ ನಿಯಮ ಇಷ್ಟೇ: ಒಂದು ಜಾತಿಯ ಹಕ್ಕಿಗಳು ಒಮ್ಮೆಗೆ ಅತಿ ಹೆಚ್ಚು ಎಷ್ಟು ಕಂಡವೋ ಅಷ್ಟನ್ನೇ ಬರೆಯಬೇಕು, ಕೂಡಿಸಬಾರದು. ನಿಜ ಸಂಖ್ಯೆ ಅದಕ್ಕಿಂತ ಹೆಚ್ಚಿರಬಹುದು. ಆದರೂ ಪ್ರತಿ ವರ್ಷ ಅದೇ ಜಾಗ, ಅದೇ ಹೊತ್ತು, ಅದೇ ಕ್ರಮವಾದರೆ ಏರಿಳಿತ ತಿಳಿಯುತ್ತದೆ.

ಹಣ್ಣಿನ ಹಲಗೆಗೆ ಪಿಕಳಾರ, ಕುಟ್ರುಹಕ್ಕಿಗಳು ಬಂದಾವು; ಹುಳ ತಿನ್ನುವ ಕಾಜಾಣ ಬಾರದು. ಆದ್ದರಿಂದ ಸುತ್ತ ಐವತ್ತು ಹೆಜ್ಜೆಯೊಳಗೆ ಕಂಡವನ್ನು ಬೇರೆ ಕಲಮಿನಲ್ಲಿ ಬರೆಯಿರಿ. ಬೆಳೆಗಾರನಿಗೆ ಈ ಎರಡನೆಯ ಕಲಮೇ ಮುಖ್ಯ. 1990ರಲ್ಲಿ ನೀಲಗಿರಿಯ ಗುಡಲೂರಿನಲ್ಲಿ ಕಾಣಿಸಿಕೊಂಡ ಕಾಫಿ ಕಾಯಿಕೊರಕ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಕೋಸ್ಟರಿಕಾದ ಕಾಫಿ ತೋಟಗಳಲ್ಲಿ ಹಕ್ಕಿಗಳು ಇದರ ಹಾವಳಿಯನ್ನು ಸುಮಾರು ಅರ್ಧದಷ್ಟು ತಗ್ಗಿಸುತ್ತವೆಂದು 2013ರ ಅಧ್ಯಯನವೊಂದು ತೋರಿಸಿತು.

ಶುಚಿತ್ವ ಮರೆಯಬಾರದು. 1994ರಲ್ಲಿ ಅಮೆರಿಕದ ಹೌಸ್ ಫಿಂಚ್ ಹಕ್ಕಿಗಳಲ್ಲಿ ಕಣ್ಣುಬೇನೆ ಕಾಣಿಸಿಕೊಂಡು ಬೇಗ ಹಬ್ಬಿತು. ಆಹಾರದ ತಟ್ಟೆಗಳಲ್ಲಿ ಹಕ್ಕಿಗಳು ಒತ್ತಾಗಿ ಸೇರುವುದೂ ಅದಕ್ಕೆ ದಾರಿಯಾಯಿತು. ಹಲಗೆಯನ್ನು ದಿನವೂ ತೊಳೆಯಿರಿ, ನೀರು ಬದಲಿಸಿರಿ. ಔಷಧಿ ಹೊಡೆದ ಹಣ್ಣನ್ನು ಇಡಬೇಡಿರಿ. ಸಂಜೆಗೆ ಉಳಿದುದನ್ನು ತೆಗೆಯದಿದ್ದರೆ ಇಲಿ ಬರುವುದು ಖಂಡಿತ. ಮಂಗಗಳ ಕಾಟವಿರುವಲ್ಲಿ ನೀರಷ್ಟೇ ಸಾಕು.

ನಾಲ್ಕು ವರ್ಷದ ಹಿಂದೆ ನಾವು ತೋಟದಂಚಿನ ಹಳೆಯ ಬಸರಿ ಮರವನ್ನು ಕಡಿಸಿ ಸಿಲ್ವರ್ ಓಕ್ ನೆಟ್ಟೆವು. ಅಂದಿನಿಂದ ಕುಟ್ರುಹಕ್ಕಿಯ ಕೂಗು ಕಡಿಮೆಯಾಗಿದೆ ಎಂದು ಮನೆಯವರು ಹೇಳುತ್ತಾರೆ. ಹೌದೆನ್ನಲೂ ಅಲ್ಲವೆನ್ನಲೂ ನಮ್ಮಲ್ಲಿ ಅಂದಿನ ಲೆಕ್ಕವಿಲ್ಲ. ಮಳೆಯ ಲೆಕ್ಕ ಮೂವತ್ತು ವರ್ಷದ್ದಿದೆ, ಹಕ್ಕಿಯದು ಒಂದು ದಿನದ್ದೂ ಇಲ್ಲ. ಮರ ಕಡಿಸುವ ಮೊದಲು ಎಣಿಸಿದ್ದರೆ ಬಹುಶಃ ಕೊಡಲಿ ಎತ್ತುತ್ತಿರಲಿಲ್ಲ.

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆಯಲ್ಲಿ 2013ರಿಂದ ಭಾರತವೂ ಸೇರಿದೆ. ಕನಿಷ್ಠ ಹದಿನೈದು ನಿಮಿಷ ಕುಳಿತರೆ ಸಾಕು. ಮಳೆ ಲೆಕ್ಕದ ಪುಸ್ತಕದಲ್ಲೇ ಒಂದು ಪುಟ ಬಿಡಿರಿ. ಸಂಘದ ಕಚೇರಿಗೆ ಬರುವಾಗ ಅದನ್ನೂ ತನ್ನಿರಿ, ಕೂಡಿ ನೋಡೋಣ.