ಡ್ರಿಲ್ ಮಾಸ್ತರನಾಗಬಯಸುವ ಮಗ

ಪುಣೆಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯ ಮೇಲೆ ಭೋಸರಿ ಇದೆ. ಒಂದು ಕಾಲಕ್ಕೆ ಬೇಸಾಯವನ್ನೇ ನಂಬಿದ್ದ ಈ ಗ್ರಾಮ 1970ರಲ್ಲಿ ಪಿಂಪ್ರಿ, ಚಿಂಚವಡ, ಆಕುರ್ಡಿಗಳೊಡನೆ ಕೂಡಿ ಹೊಸ ನಗರಸಭೆಯ ಅಂಗವಾಯಿತು. 1982ರಲ್ಲಿ ಆ ನಗರಸಭೆ ಮಹಾನಗರಪಾಲಿಕೆಯಾಯಿತು. ಇಂದು ಭೋಸರಿಯ ಹೆಸರು ಕೇಳಿದೊಡನೆ ನೆನಪಿಗೆ ಬರುವುದು ಎಂ.ಐ.ಡಿ.ಸಿ. ವಸಾಹತಿನ ಕಾರ್ಖಾನೆಗಳು, ಪಾಳಿ ಬದಲಾಗುವ ಹೊತ್ತಿನ ಜನಸಂದಣಿ. ಆದರೆ ಊರಿನ ಹಳೆಯ ಕೀರ್ತಿ ಬೇರೆಯೇ ಆಗಿದೆ. ಅದು ಪೈಲವಾನರ ಊರು. ತಾಲೀಮಿನ ಕೆಮ್ಮಣ್ಣನ್ನು ಮೈಗೆ ಬಳಿದುಕೊಂಡು ಬೆಳೆದ ತಲೆಮಾರುಗಳು ಅಲ್ಲಿವೆ.

ಕಲಬುರಗಿ, ವಿಜಯಪುರ, ಬೀದರ ಮೊದಲಾದ ಜಿಲ್ಲೆಗಳಿಂದ ಹೊಟ್ಟೆಪಾಡಿಗಾಗಿ ಬಂದ ಕನ್ನಡಿಗರು ಈ ಭಾಗದಲ್ಲಿ ನೆಲೆಸಿದ್ದಾರೆ. ಊರಿನ ಗರಡಿಮನೆಯನ್ನು ಬಿಟ್ಟು ಬಂದವರಿಗೆ ಇಲ್ಲಿನ ತಾಲೀಮು ಅಪರಿಚಿತವೆನಿಸುವುದಿಲ್ಲ. ಹೀಗಿದ್ದರೂ ಇಂತಹ ಮನೆಯೊಂದರಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮಗನು, “ಅಪ್ಪಾ, ನಾ ಪೀಟಿ ಮಾಸ್ತರ ಆಗ್ತೀನಿ” ಎಂದನೆಂದರೆ ತಂದೆಯ ಮುಖ ಬಾಡುವುದು ಸಹಜ. “ಇಷ್ಟೆಲ್ಲಾ ಓದಿ ಸೀಟಿ ಊದಾಂವ ಏನು?” ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಓದು ತಲೆಗೆ ಹತ್ತದವನು ಡ್ರಿಲ್ ಮಾಸ್ತರನಾಗುತ್ತಾನೆಂಬ ತಿಳಿವಳಿಕೆ ಸಮಾಜದಲ್ಲಿ ಅಷ್ಟು ಆಳವಾಗಿ ಬೇರೂರಿದೆ.

ಈ ತಿಳಿವಳಿಕೆ ಎಷ್ಟು ಸರಿಯೆಂಬುದನ್ನು ಪರೀಕ್ಷಿಸಲು ಭೋಸರಿಯಿಂದ ಬಹುದೂರ ಹೋಗಬೇಕಿಲ್ಲ. ಮುಂಬಯಿ ಹಾದಿಯಲ್ಲಿರುವ ಲೋಣಾವಳದಲ್ಲಿ ಕೈವಲ್ಯಧಾಮವೆಂಬ ಸಂಸ್ಥೆಯಿದೆ. 1924ರಲ್ಲಿ ಅದನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರ ಪೂರ್ವಾಶ್ರಮದ ಹೆಸರು ಜಗನ್ನಾಥ ಗಣೇಶ ಗುಣೆ. ಗುಜರಾತಿನ ಡಭೋಯಿಯಲ್ಲಿ 1883ರಲ್ಲಿ ಹುಟ್ಟಿದ ಇವರ ಬಾಲ್ಯ ಬಡತನದಲ್ಲಿ ಕಳೆಯಿತು. ತಂದೆ ಶಿಕ್ಷಕರು, ಆದರೂ ಸಂಸಾರವು ಪರರ ನೆರವನ್ನು ಆಶ್ರಯಿಸಬೇಕಾಗಿತ್ತು. ಅಂತಹ ಮನೆಯ ಹುಡುಗ 1903ರ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕಾಗಿ ಮೀಸಲಾದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವನ್ನು ಗಳಿಸಿ ಬಡೋದೆಯ ಕಾಲೇಜನ್ನು ಸೇರಿದನು.

ಅಲ್ಲಿ ಪುಸ್ತಕದೊಡನೆ ವ್ಯಾಯಾಮಶಾಲೆಯೂ ದೊರೆಯಿತು. 1907ರಿಂದ 1910ರವರೆಗೆ ಜುಮ್ಮಾದಾದಾ ವ್ಯಾಯಾಮ ಮಂದಿರದಲ್ಲಿ ರಾಜರತ್ನ ಮಾಣಿಕರಾಯರು ಈ ತರುಣನಿಗೆ ಭಾರತೀಯ ವ್ಯಾಯಾಮ ಪದ್ಧತಿಯನ್ನು ಕಲಿಸಿದರು. ಮುಂದೆ ಖಾನದೇಶದ ಅಮಳನೇರದಲ್ಲಿ ಅಧ್ಯಾಪಕ ವೃತ್ತಿ. 1919ರಲ್ಲಿ ನರ್ಮದಾ ತೀರದ ಮಾಲಸರದಲ್ಲಿ ಪರಮಹಂಸ ಮಾಧವದಾಸರಿಂದ ಯೋಗದೀಕ್ಷೆ. ಗುರು ಹೇಳಿದ್ದನ್ನು ಶ್ರದ್ಧೆಯಿಂದ ಸ್ವೀಕರಿಸಿದರೂ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಉಡ್ಡಿಯಾನ, ನೌಲಿಗಳಂತಹ ಕ್ರಿಯೆಗಳಿಂದ ಉದರದೊಳಗೆ ಏನಾಗುತ್ತದೆಂಬುದನ್ನು ಬಡೋದೆಯ ಆಸ್ಪತ್ರೆಯಲ್ಲಿ ಕ್ಷ-ಕಿರಣದ ನೆರವಿನಿಂದ ಪರೀಕ್ಷಿಸಿದರು. ಮುಂಬಯಿ ಪ್ರಾಂತ್ಯದ ಶಾಲೆಗಳ ವ್ಯಾಯಾಮ ಶಿಕ್ಷಣವನ್ನು ರೂಪಿಸುವಲ್ಲಿ ಅವರ ಮಾತಿಗೆ ಮುಂದೆ ತೂಕ ಬಂದಿತು. ಬಡತನ ಕಲಿಸಿದ ಸಹನೆ, ಸಂಸ್ಕೃತ ನೀಡಿದ ಶಿಸ್ತು, ಮಾಣಿಕರಾಯರ ಅಖಾಡ ನೀಡಿದ ಬಲ, ಈ ಮೂರೂ ಕೂಡಿ ಆ ಶಿಕ್ಷಕನನ್ನು ನಿರ್ಮಿಸಿದವು.

ಕನ್ನಡ ನಾಡಿನಲ್ಲಿಯೂ ಇದಕ್ಕೆ ಸಾಟಿಯಾದ ನಿದರ್ಶನವಿದೆ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದ ಪ್ರೊ. ಕೆ. ವಿ. ಅಯ್ಯರ್ (1897–1980) ಅವರನ್ನು ಹಿರಿಯ ಓದುಗರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಬಲ್ಲರು. ಅದೇ ಅಯ್ಯರ್ ದೇಹದಾರ್ಢ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಬರೆದರು. ದೂರದ ಊರುಗಳವರಿಗೆ ಅಂಚೆಯ ಮೂಲಕ ವ್ಯಾಯಾಮ ಪಾಠಗಳನ್ನು ಕಳುಹಿಸಿದರು. ಪಾಶ್ಚಾತ್ಯ ದೇಹದಾರ್ಢ್ಯವನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಅಂಗಳದಲ್ಲಿ ಕಲಿಸಿದ ಈ ಗುರುವಿಗೆ ಓದು ಹತ್ತಲಿಲ್ಲವೆಂದು ಯಾರು ತಾನೇ ಹೇಳಿಯಾರು?

ಹಾಗಾದರೆ ವ್ಯಾಯಾಮ ಶಿಕ್ಷಕನಾಗಬಲ್ಲ ಹುಡುಗನನ್ನು ಮನೆಯವರು ಗುರುತಿಸುವುದು ಹೇಗೆ? ಗೋಡೆಯ ಮೇಲಿನ ಪದಕಗಳನ್ನು ಎಣಿಸಿದರೆ ಸಾಲದು. ಗೆದ್ದವನು ಆಟಗಾರನಾದಾನು, ಕಲಿಸುವವನ ಲಕ್ಷಣವೇ ಬೇರೆ. ಕಬಡ್ಡಿ ತಂಡವನ್ನು ಆರಿಸುವಾಗ ಕೊನೆಗೆ ಉಳಿಯುವ ಕೃಶ ಬಾಲಕನನ್ನು ತನ್ನ ಪಕ್ಷಕ್ಕೆ ಕರೆದುಕೊಳ್ಳುವವನು, ಬಿದ್ದವನ ಮಂಡಿಯ ಗಾಯವನ್ನು ತೊಳೆದು ಕಟ್ಟುವವನು, ಒಂದೇ ಪಟ್ಟನ್ನು ಹತ್ತು ಸಲ ಬೇಸರವಿಲ್ಲದೆ ತೋರಿಸುವವನು, ಇವನಲ್ಲಿ ಶಿಕ್ಷಕನ ಬೀಜವಿದೆ. ತಾಲೀಮಿನ ವಸ್ತಾದರು ತಮ್ಮ ಉತ್ತರಾಧಿಕಾರಿಯನ್ನು ಆರಿಸುವಾಗ ನೋಡುವುದೂ ಇದನ್ನೇ.

ಬೀಜ ಮೊಳೆಯಲು ಹದವಾದ ನೆಲವೂ ಬೇಕು. ಭಾರತದಲ್ಲಿ ಈ ವಿದ್ಯೆಗೆ ಕಾಲೇಜಿನ ಸ್ವರೂಪ ಬಂದದ್ದು 1920ರಲ್ಲಿ, ಮದ್ರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ವೈ.ಎಂ.ಸಿ.ಎ. ಆಶ್ರಯದಲ್ಲಿ ಆರಂಭಿಸಿದ ಶಾಲೆಯಿಂದ. ಪುಣೆಯಲ್ಲಿ 1924ರಲ್ಲಿ ಕ್ಯಾಪ್ಟನ್ ಶಿವರಾಮಪಂತ ದಾಮ್ಲೆ ಅವರು ಮಹಾರಾಷ್ಟ್ರೀಯ ಮಂಡಳವನ್ನು ಕಟ್ಟಿದರು. ಆ ಮಂಡಳವು 1977ರಲ್ಲಿ ಚಂದ್ರಶೇಖರ ಆಗಾಶೆ ಶಾರೀರಿಕ ಶಿಕ್ಷಣ ಮಹಾವಿದ್ಯಾಲಯವನ್ನು ತೆರೆಯಿತು. ಪದವಿಯ ಅನಂತರದ ಬಿ.ಪಿ.ಎಡ್. ಶಿಕ್ಷಣವು 2014ರ ನಿಯಮಾವಳಿಯಿಂದ ಎರಡು ವರ್ಷಗಳದ್ದಾಗಿದೆ. ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಮನಃಶಾಸ್ತ್ರ, ಯೋಗ, ಪ್ರಥಮ ಚಿಕಿತ್ಸೆ, ಇವುಗಳೊಡನೆ ಶಾಲೆಯಲ್ಲಿ ನಿಂತು ಪಾಠ ಮಾಡುವ ಅಭ್ಯಾಸವೂ ಅದರಲ್ಲಿದೆ. ಕೇವಲ ಸೀಟಿ ಊದುವವನಿಗೆ ಇಷ್ಟೆಲ್ಲ ವಿದ್ಯೆ ಬೇಕಾಗುವುದಿಲ್ಲ.

ತಂದೆಯ ಚಿಂತೆಯಲ್ಲಿ ಸತ್ಯಾಂಶವಿಲ್ಲವೆಂದೂ ಹೇಳಲಾಗದು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಪ್ರತಿ ಶಾಲೆಗೂ ಆಟದ ಬಯಲು ಬೇಕೆಂದು ವಿಧಿಸಿದೆ. ಆದರೆ ಆರರಿಂದ ಎಂಟನೆಯ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಆರೋಗ್ಯ ಮತ್ತು ವ್ಯಾಯಾಮ ಶಿಕ್ಷಣಕ್ಕಾಗಿ ಅದು ಕಡ್ಡಾಯಗೊಳಿಸಿರುವುದು ಅರೆಕಾಲಿಕ ಬೋಧಕನನ್ನು ಮಾತ್ರ. ಕಾಯಂ ಹುದ್ದೆ ಸುಲಭವಾಗಿ ಸಿಕ್ಕೀತೆಂದು ಮಗನಿಗೆ ಭರವಸೆ ನೀಡುವಂತಿಲ್ಲ. ಆದುದರಿಂದ ಮೊದಲು ಒಂದು ಪದವಿಯನ್ನು ಚೆನ್ನಾಗಿ ಮುಗಿಸುವುದು, ಯೋಗ ಅಥವಾ ಯಾವುದಾದರೊಂದು ಕ್ರೀಡೆಯ ತರಬೇತಿಯಲ್ಲಿ ಹೆಚ್ಚಿನ ಪರಿಣತಿ ಪಡೆಯುವುದು ವಿವೇಕದ ಹಾದಿ.

ಅಂತಹ ಶಿಕ್ಷಕರ ಅಗತ್ಯವಂತೂ ದಿನೇ ದಿನೇ ಹೆಚ್ಚುತ್ತಿದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ, ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ವ್ಯಾಯಾಮ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದೇ ಸಂಸ್ಥೆಯು 146 ದೇಶಗಳ ಮಾಹಿತಿಯಿಂದ ಕಂಡುಕೊಂಡಂತೆ, 2016ರಲ್ಲಿ ಶಾಲೆಗೆ ಹೋಗುವ ಹದಿವಯಸ್ಕರಲ್ಲಿ ಶೇಕಡಾ 81ರಷ್ಟು ಮಂದಿಗೆ ಇಷ್ಟು ವ್ಯಾಯಾಮ ದೊರೆಯುತ್ತಿರಲಿಲ್ಲ. ಮೂಳೆಯ ಸಾಂದ್ರತೆಯ ಬಹುಭಾಗ ಹದಿಹರೆಯ ಮುಗಿಯುವ ಹೊತ್ತಿಗೆ ಸಂಗ್ರಹವಾಗಿಬಿಡುತ್ತದೆ. ಆ ವಯಸ್ಸಿನಲ್ಲಿ ಕಟ್ಟದ ಠೇವಣಿಯನ್ನು ಅರುವತ್ತರಲ್ಲಿ ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲ.

ಬಲ್ಲ ವ್ಯಾಯಾಮ ಶಿಕ್ಷಕನ ಕಣ್ಣು ಇನ್ನೂ ಒಂದು ಕೆಲಸ ಮಾಡುತ್ತದೆ. ನಾಲ್ಕು ಹೆಜ್ಜೆ ಓಡಿದೊಡನೆ ಏದುಸಿರು ಬಿಡುವ ಮಗು, ಆಡುವಾಗ ಎದೆನೋವೆನ್ನುವ ಅಥವಾ ತಲೆಸುತ್ತಿ ಬೀಳುವ ಮಗು ತರಗತಿಯ ಬೆಂಚಿನ ಮೇಲೆ ಕುಳಿತಾಗ ಎಲ್ಲರಂತೆಯೇ ಕಾಣುತ್ತದೆ. ಬಯಲಿನಲ್ಲಿ ನಿಂತವನಿಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಅವನು ಪಾಲಕರಿಗೆ ತಿಳಿಸಿ ವೈದ್ಯರ ಬಳಿಗೆ ಕಳುಹಿಸಿದರೆ ಒಂದು ಜೀವ ಉಳಿದೀತು. ಉಬ್ಬಸವುಳ್ಳ ಮಗುವನ್ನು ಸದಾ ಬದಿಗೆ ಕೂರಿಸದೆ, ವೈದ್ಯರ ಸಲಹೆಯಂತೆ ಆಟದೊಳಗೆ ಸೇರಿಸಿಕೊಳ್ಳುವ ಜಾಣ್ಮೆಯೂ ಅವನದೇ. ಬಿರುಬಿಸಿಲಿನಲ್ಲಿ ಮಕ್ಕಳನ್ನು ಓಡಿಸದೆ ನೆರಳು, ನೀರುಗಳ ಏರ್ಪಾಡು ಮಾಡುವ ವಿವೇಕವೂ ಆತನ ವಿದ್ಯೆಯ ಭಾಗವೇ.

ಭೋಸರಿಯ ಕಾರ್ಖಾನೆಗಳಲ್ಲಿ ದೇಹವನ್ನು ದುಡಿಸಿ ಮಕ್ಕಳನ್ನು ಓದಿಸಿದ ತಂದೆಗೆ, ಮಗನು ಮತ್ತೆ ದೇಹವನ್ನೇ ನಂಬಿ ಹೊರಟಂತೆ ತೋರಬಹುದು. ಬೆವರಿನ ಬಾಳು ತನ್ನೊಂದಿಗೇ ಮುಗಿಯಲೆಂಬ ಆಸೆ ಸಹಜವಾದುದೇ. ಆದರೆ ಮಗನು ಕಲಿಯಹೊರಟಿರುವುದು ನೂರಾರು ಮಕ್ಕಳ ದೇಹಗಳನ್ನು ಕಾಯುವ ವಿದ್ಯೆಯನ್ನು. ಸಂಜೆಯ ಊಟದ ಹೊತ್ತಿನಲ್ಲಿ ಇಬ್ಬರೂ ಕುಳಿತು, ಖರ್ಚು ಎಷ್ಟು, ವರ್ಷಗಳು ಎಷ್ಟು, ಕೆಲಸ ಸಿಗುವವರೆಗೆ ಮನೆ ನಡೆಯುವುದು ಹೇಗೆಂಬುದನ್ನು ಮುಚ್ಚುಮರೆಯಿಲ್ಲದೆ ಮಾತನಾಡಿಕೊಳ್ಳಲಿ. ಅಷ್ಟಾದ ಮೇಲೂ ಮಗನ ಮನಸ್ಸು ಬಯಲಿನ ಕಡೆಗೇ ಎಳೆದರೆ, ತಂದೆಯ ಒಪ್ಪಿಗೆಯೇ ಅವನಿಗೆ ದೊರೆಯುವ ಮೊದಲ ಬಲವಾದೀತು.