ಮೋಟು ನಳಿಕೆಯ ದಪ್ಪ ರಿವಾಲ್ವರ್: ಹೊಡೆಯೋಕೆ ಹೇಗಿರುತ್ತೆ, ನಾವು ಹೊಡೀಬಹುದಾ?

ಹೈದರಾಬಾದಿನಲ್ಲಿ ಕೆಲಸ ಮಾಡೋ ನಮ್ಮ ವೀಕ್ಷಕರೊಬ್ಬರು ಮುಂದಿನ ತಿಂಗಳು ಆನ್‌ಸೈಟ್ ಅಂತ ಡಲ್ಲಾಸ್‌ಗೆ ಹೊರಟಿದ್ದಾರೆ. ಅವರ ಪ್ರಶ್ನೆ: "ಸಿನಿಮಾದಲ್ಲಿ ಕೋಟಿನ ಜೇಬಿಂದ ತೆಗೀತಾರಲ್ಲ, ಆ ಗಿಡ್ಡ, ದಪ್ಪ ಬಾಯಿಯ ರಿವಾಲ್ವರ್, ಅದನ್ನ ಹೊಡೆಯೋಕೆ ಹೇಗಿರುತ್ತೆ? ಅಲ್ಲಿ ರೇಂಜಿಗೆ ಹೋಗಿ ಒಂದ್ಸಲ ನೋಡಬಹುದಾ?" ಎರಡಕ್ಕೂ ನನ್ನ ಹತ್ರ ಉತ್ತರ ಇದೆ. ಒಂದು ಖುಷಿಯದು, ಇನ್ನೊಂದು ಅಷ್ಟೇನೂ ಅಲ್ಲ. ಖುಷಿಯದ್ದನ್ನ ಮೊದಲು ಹೇಳ್ತೀನಿ.

ಸುಮಾರು ಹತ್ತು ವರ್ಷದ ಹಿಂದೆ ನಾನೂ ಟೆಕ್ಸಾಸ್‌ನಲ್ಲಿದ್ದೆ. ಆಫೀಸಿನ ಹಿರಿಯರೊಬ್ಬರು, ಹಾವೇರಿ ಕಡೆಯವರು, ಅಲ್ಲಿನ ಪೌರರಾಗಿ ವರ್ಷಗಳಾಗಿದ್ದವು. ಅವರ ಹತ್ರ ಇಂಥವೇ ಎರಡು ರಿವಾಲ್ವರ್ ಇದ್ದವು. ಒಂದು ಚಾರ್ಟರ್ ಆರ್ಮ್ಸ್ ಕಂಪನಿಯ ಬುಲ್‌ಡಾಗ್, 1973ರಲ್ಲಿ ಬಂದ ಮಾದರಿ. ಐದೇ ಗುಂಡು, ಮೂರಿಂಚು ಹತ್ತಿರದ ನಳಿಕೆ, ತೂಕ ಸುಮಾರು 600 ಗ್ರಾಂ, .44 ಸ್ಪೆಷಲ್ ಗುಂಡು. ಇನ್ನೊಂದು 2005ರಲ್ಲಿ ಬಂದ ರೂಗರ್ ಅಲಾಸ್ಕನ್, ಎರಡೂವರೆ ಇಂಚಿನ ನಳಿಕೆ, ಆದರೆ ತೂಕ ಒಂದೂಕಾಲು ಕಿಲೋ. ಅದರದ್ದು .454 ಕಸುಲ್ ಅನ್ನೋ ರಾಕ್ಷಸ ಗುಂಡು. ಹೆಸರೇ ಹೇಳೋ ಹಾಗೆ ಅದು ಅಲಾಸ್ಕಾದಲ್ಲಿ ಹೊಳೆ ದಂಡೆಯಲ್ಲಿ ಮೀನು ಹಿಡಿಯೋವಾಗ ಕರಡಿ ಎದುರಾದ್ರೆ ಅಂತ ಸೊಂಟಕ್ಕೆ ಕಟ್ಟಿಕೊಳ್ಳೋ ವಸ್ತು. ಡಲ್ಲಾಸ್‌ನಲ್ಲಿ ಕರಡಿ ಎಲ್ಲಿಂದ ಬರಬೇಕು ಅಂತ ನಾನು ಕೇಳಿದ್ದೆ. ಅವರು ನಕ್ಕು ಸುಮ್ಮನಾದ್ರು.

.44 ಅಂದರೆ ಗುಂಡಿನ ಅಡ್ಡಗಲ ಹತ್ತಿರ ಹತ್ತಿರ 11 ಮಿಲಿಮೀಟರ್. ನಮ್ಮ ದೇಶದಲ್ಲಿ ಸಾಮಾನ್ಯ ಲೈಸೆನ್ಸ್‌ದಾರರಿಗೆ ಸಿಗೋ ಕಾನ್ಪುರದ .32 ರಿವಾಲ್ವರಿನದು 8 ಮಿಲಿಮೀಟರಿನ ಆಸುಪಾಸು. ಮೂರು ಮಿಲಿಮೀಟರ್ ಏನು ಮಹಾ ಅನ್ನಿಸಬಹುದು, ಆದರೆ ತೂಕದಲ್ಲಿ ದುಪ್ಪಟ್ಟಿಗಿಂತ ಜಾಸ್ತಿ ಆಗುತ್ತೆ.

ಈಗ ಸ್ವಲ್ಪ ಪಿಯುಸಿ ಭೌತಶಾಸ್ತ್ರ. .44 ಸ್ಪೆಷಲ್ ಗುಂಡು 16 ಗ್ರಾಂ ಇದ್ದು, ಗಿಡ್ಡ ನಳಿಕೆಯಿಂದ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಡುತ್ತೆ ಅಂದ್ಕೊಳ್ಳಿ. ಅಷ್ಟೇ ಸಂವೇಗ 600 ಗ್ರಾಂ ರಿವಾಲ್ವರಿಗೆ ಹಿಮ್ಮುಖವಾಗಿ ಬರಬೇಕು. ಲೆಕ್ಕ ಹಾಕಿದ್ರೆ ಸೆಕೆಂಡಿಗೆ ಐದು ಮೀಟರ್ ಚಿಲ್ಲರೆ. ಅಂದರೆ ಹದವಾಗಿ ಹೋಗೋ ಸೈಕಲ್ಲಿನ ವೇಗದಲ್ಲಿ ಅರ್ಧ ಕಿಲೋ ಕಬ್ಬಿಣ ಅಂಗೈಗೆ ಬಂದು ಗುದ್ದುತ್ತೆ. ಇದು ಸಾಧು ಗುಂಡಿನ ಕಥೆ! ಕಸುಲ್‌ನ ಪೆಟ್ಟು ಇದರ ಮೂರು ಪಟ್ಟಿನ ಹತ್ತಿರ ಹೋಗುತ್ತೆ.

ಆ ಪೆಟ್ಟು ತಿಂದಿದ್ದಕ್ಕೆ ಲಾಭ ಏನು ಅಂದ್ರೆ, ಎರಡೂವರೆ ಇಂಚಿನ ನಳಿಕೆಯಲ್ಲಿ ಅಷ್ಟೇನೂ ಇಲ್ಲ. ಮ್ಯಾಗ್ನಮ್ ಥರದ ಗುಂಡುಗಳಲ್ಲಿ ನಿಧಾನವಾಗಿ ಉರಿಯೋ ಮದ್ದು ತುಂಬಾ ಇರುತ್ತೆ. ಅದರ ಒತ್ತಡ ಗುಂಡನ್ನ ಪೂರ್ತಿ ತಳ್ಳೋಕೆ ಆರೇಳು ಇಂಚು ನಳಿಕೆ ಬೇಕು. ಗಿಡ್ಡದರಲ್ಲಿ ಗುಂಡು ಬೇಗ ಹೊರಗೆ ಹೋಗಿಬಿಡುತ್ತೆ, ಮಿಕ್ಕ ಒತ್ತಡ ಬೆಂಕಿ ಉಂಡೆಯಾಗಿ, ಕಿವಿ ಕಿತ್ತುಹೋಗೋ ಶಬ್ದವಾಗಿ ಗಾಳಿ ಸೇರುತ್ತೆ. ದುಡ್ಡು ಕೊಟ್ಟು ತಂದ ಮದ್ದು ದೀಪಾವಳಿಗೆ ಖರ್ಚಾದ ಹಾಗೆ. .44 ಸ್ಪೆಷಲ್ 1907ರ ಕಾಲದ್ದು. ಭಾರದ ಗುಂಡು, ನಿಧಾನದ ವೇಗ, ಹಾಗಾಗಿ ಗಿಡ್ಡ ನಳಿಕೆಯಲ್ಲಿ ಅದು ಕಳಕೊಳ್ಳೋದು ಕಡಿಮೆ. ಈ ಆಯುಧಗಳನ್ನ ನಿಜವಾಗಿ ಪ್ರೀತಿಸೋರು ಮ್ಯಾಗ್ನಮ್ ರಿವಾಲ್ವರಲ್ಲೂ ಸ್ಪೆಷಲ್ ಗುಂಡನ್ನೇ ಹಾಕ್ತಾರೆ, ಕಸುಲ್‌ನಲ್ಲಿ ಹಳೇ .45 ಕೋಲ್ಟ್ ಹಾಕ್ತಾರೆ. ಎರಡೂ ಸರಿಯಾಗಿ ಕೂರುತ್ತವೆ. ನಮ್ಮ ಹಾವೇರಿಯವರೂ ಹಾಗೇ. "ಕಸುಲ್ ಡಬ್ಬ ನೆಂಟರಿಗೆ" ಅಂತಿದ್ರು.

ಗುರಿಯ ವಿಷಯ ಇನ್ನೂ ಕಷ್ಟ. ಹಿಂದಿನ ಗುರಿ, ಮುಂದಿನ ಗುರಿ ಎರಡರ ನಡುವೆ ಹತ್ತು ಸೆಂಟಿಮೀಟರ್ ಇದ್ರೆ, ಅಲ್ಲಿ ಒಂದು ಮಿಲಿಮೀಟರ್ ತಪ್ಪು ಹತ್ತು ಮೀಟರ್ ದೂರದಲ್ಲಿ ಹತ್ತು ಸೆಂಟಿಮೀಟರ್ ಆಗುತ್ತೆ. ನಳಿಕೆ ಉದ್ದವಾಗಿ ಆ ಅಂತರ ಎರಡು ಪಟ್ಟಾದ್ರೆ ತಪ್ಪು ಅರ್ಧಕ್ಕೆ ಇಳಿಯುತ್ತೆ. ಹೊತ್ತುಕೊಂಡು ಓಡಾಡೋಕೆ ಸಲೀಸು, ಹೊಡೆಯೋಕೆ ಎಲ್ಲಕ್ಕಿಂತ ಕಠಿಣ. ಆ ಕಠಿಣವೇ ಅದರ ರುಚಿ ಅನ್ನೋರೂ ಇದ್ದಾರೆ.

ನನ್ನ ಕೈಗೆ ಬುಲ್‌ಡಾಗ್ ಬಂತು. ಕಿವಿಗೆ ಎರಡು ಪದರ ರಕ್ಷಣೆ, ಕಣ್ಣಿಗೆ ಕನ್ನಡಕ. ಚಕ್ರಕ್ಕೂ ನಳಿಕೆಗೂ ನಡುವಿನ ಸಂದಿಯಿಂದ ಬಿಸಿ ಅನಿಲ ಪಕ್ಕಕ್ಕೆ ಚಿಮ್ಮುತ್ತೆ, ಬೆರಳು ಅಲ್ಲಿ ಹೋಗಬಾರದು ಅಂತ ಮೂರು ಸಲ ಹೇಳಿದ್ರು. ಮೊದಲ ಎರಡು ಗುಂಡು ಹೊಡೆದೆ, ಪರವಾಗಿಲ್ಲ ಅನ್ನಿಸ್ತು. ಮೂರನೆಯದಕ್ಕೆ ಬರೀ 'ಟಿಕ್' ಅಂತು, ಆದರೆ ನಳಿಕೆ ಮಾತ್ರ ನೆಲ ನೋಡ್ತಾ ಇತ್ತು! ಅವರು ನನಗೆ ಗೊತ್ತಿಲ್ಲದ ಹಾಗೆ ಒಂದು ಖಾಲಿ ಕಾಟ್ರಿಜ್ ಸೇರಿಸಿಟ್ಟಿದ್ದರು. ಪೆಟ್ಟು ಬರುತ್ತೆ ಅಂತ ಕೈ ಮೊದಲೇ ಹೆದರಿ ಕೆಳಗೆ ಒತ್ತುತ್ತೆ, ಅದು ನಮ್ಮ ಅರಿವಿಗೇ ಬರಲ್ಲ. ಈ ಹೆದರಿಕೆ ಹೋಗಬೇಕಾದ್ರೆ ಕಡಿಮೆ ಮದ್ದಿನ ಗುಂಡಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಮನೆ ರಕ್ಷಣೆಗೆ ಅಂತ ಒಂದು ಕೊಂಡು ಡ್ರಾಯರಲ್ಲಿಟ್ಟು ಮರೆಯೋರ ಕೈ ಆ ರಾತ್ರಿ ಎಲ್ಲಿ ನೋಡುತ್ತೆ ಅಂತ ನೀವೇ ಯೋಚಿಸಿ.

ಬುಲ್‌ಡಾಗ್ ಅನ್ನೋ ಹೆಸರು ಅಮೆರಿಕದ್ದಲ್ಲ. 1872ರಲ್ಲಿ ಇಂಗ್ಲೆಂಡಿನ ವೆಬ್ಲಿಯವರು ಬ್ರಿಟಿಷ್ ಬುಲ್ ಡಾಗ್ ಅನ್ನೋ ಜೇಬಿನ ರಿವಾಲ್ವರ್ ತಂದ್ರು. ಅದು ಎಷ್ಟು ಜನಪ್ರಿಯ ಆಯ್ತಂದ್ರೆ ಯುರೋಪು, ಅಮೆರಿಕದಲ್ಲೆಲ್ಲ ನಕಲು ಬಂದವು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರಿಗೆ ಗಿಟೋ ಅನ್ನೋನು ಗುಂಡು ಹೊಡೆದಿದ್ದು ಇದೇ ಜಾತಿಯ ರಿವಾಲ್ವರಿಂದ. ಗಾರ್ಫೀಲ್ಡ್ ಎರಡೂವರೆ ತಿಂಗಳು ನರಳಿ ತೀರಿಕೊಂಡ್ರು. ವೈದ್ಯರ ತೊಳೆಯದ ಬೆರಳುಗಳಿಂದ ಗಾಯ ನಂಜಾಯ್ತು ಅನ್ನೋದು ಇವತ್ತಿನ ಬಹುತೇಕರ ಅಭಿಪ್ರಾಯ.

ಸರಿ, ಈಗ ಆ ಇನ್ನೊಂದು ಉತ್ತರ. ಡಲ್ಲಾಸಿಗೆ ಹೊರಟವರೇ, ಇದನ್ನ ಗಮನ ಇಟ್ಟು ಓದಿ.

ಅವತ್ತು ನಾನಿದ್ದಿದ್ದು ಎಲ್-1 ವೀಸಾದಲ್ಲಿ. ರೇಂಜಿನವರು ಒಂದು ಫಾರಂ ಕೊಟ್ರು, ಆ್ಯಪ್‌ನ ನಿಯಮಗಳಿಗೆ ಒತ್ತೋ ಹಾಗೆ ಓದದೇ ಟಿಕ್ ಹಾಕಿ ಸಹಿ ಮಾಡಿದೆ. ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಎಚ್-1ಬಿ, ಎಲ್-1 ಥರದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು, ಗುಂಡು ಇಟ್ಟುಕೊಳ್ಳೋ ಹಾಗಿಲ್ಲ. ಬಾಡಿಗೆಗೆ ತಗೊಂಡು ಹತ್ತು ನಿಮಿಷ ಹಿಡಿದರೂ ಅದು ಇಟ್ಟುಕೊಂಡ ಲೆಕ್ಕವೇ. ಕೆಲವು ವಿನಾಯಿತಿ ಇವೆ, ಮುಖ್ಯವಾದದ್ದು ಅಲ್ಲಿನ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರೋ ಬೇಟೆ ಪರವಾನಗಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. 2022ರಿಂದ ಗರಿಷ್ಠ ಶಿಕ್ಷೆ 15 ವರ್ಷ.

ರೇಂಜಿಗೆ ಹೋದ್ರೆ ಯಾರು ಹಿಡೀತಾರೆ ಅಂತೀರಾ? ಫ್ಲೋರಿಡಾದಲ್ಲಿ ಓದೋಕೆ ಬಂದ ಯುಎಇ ವಿದ್ಯಾರ್ಥಿಯೊಬ್ಬ ಕಡಿಮೆ ಅಂಕದಿಂದ ಕಾಲೇಜು, ಅದರ ಜೊತೆ ವೀಸಾ ಸ್ಥಾನಮಾನ ಕಳಕೊಂಡ. ಆಮೇಲೆ ರೇಂಜಿಗೆ ಹೋಗಿ ಗುಂಡು ಹೊಡೆದದ್ದಕ್ಕೆ ಜೈಲು ಶಿಕ್ಷೆ ಆಯ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನ ತಳ್ಳಿಹಾಕಿತು, ನಿಜ. ಕಾರಣ, ತನ್ನ ಸ್ಥಾನಮಾನ ಹೋಗಿರೋದು ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕಿತ್ತು. ನಮಗೆ ಅದರಿಂದ ಏನೂ ಉಪಯೋಗ ಇಲ್ಲ, ಯಾಕಂದ್ರೆ ನಮ್ಮ ಪಾಸ್‌ಪೋರ್ಟಲ್ಲಿ ಯಾವ ವೀಸಾ ಇದೆ ಅಂತ ನಮ್ಮಲ್ಲಿ ಯಾರಿಗೆ ಗೊತ್ತಿರಲ್ಲ?

ನನಗೆ ಇದೆಲ್ಲ ಗೊತ್ತಾಗಿದ್ದು ಆರು ತಿಂಗಳ ನಂತರ, ಕ್ಯಾಂಟೀನಿನಲ್ಲಿ ಯಾರೋ ಮಾತಾಡ್ತಿದ್ದಾಗ. ಊಟ ಇಳಿಯಲಿಲ್ಲ. ಹಾವೇರಿಯವರಿಗೆ ಫೋನ್ ಮಾಡಿದೆ, ಅವರೂ ಗಾಬರಿಯಾದ್ರು, ನನ್ನ ಕೈಗೆ ಕೊಟ್ಟ ತಪ್ಪು ಅವರದ್ದೂ ಆಗಬಹುದಿತ್ತಲ್ಲ. ಆಮೇಲೂ ಎರಡು ಸಲ ಅವರ ಜೊತೆ ರೇಂಜಿಗೆ ಹೋಗಿದ್ದೆ. ಗಾಜಿನ ಈಚೆ ಕಾಫಿ ಹಿಡಿದು ಕೂತು, ಅವರು ಒಂದೊಂದೇ ಸ್ಪೆಷಲ್ ಗುಂಡನ್ನ ನಿಧಾನವಾಗಿ ಹೊಡೆಯೋದನ್ನ ನೋಡ್ತಿದ್ದೆ. ನಡುನಡುವೆ ಅವರೂ ತಮ್ಮ ಕೈ ಪರೀಕ್ಷೆಗೆ ಒಂದು ಖಾಲಿ ಕಾಟ್ರಿಜ್ ಸೇರಿಸಿ, ಕಣ್ಣು ಮುಚ್ಚಿ ಚಕ್ರ ತಿರುಗಿಸ್ತಿದ್ರು. ಇಪ್ಪತ್ತು ವರ್ಷದ ಅಭ್ಯಾಸದ ಮೇಲೂ ಒಂದ್ಸಲ ಅವರ ನಳಿಕೆ ಕೂಡ ಸ್ವಲ್ಪ ಕೆಳಗೆ ಬಾಗಿದ್ದನ್ನ ನಾನು ನೋಡಿದೆ. ತಿರುಗಿ, ನಾನು ನೋಡಿದೆನಾ ಅಂತ ನೋಡಿದ್ರು.